ಪ್ರಸಂಗ ಕೇಳಿ ಹೊಟ್ಟೆ ತುಂಬಬೇಕಾದರೆ

ತೀರ್ಥಹಳ್ಳಿ ಕಡೆಯ ಮಳೆಗಾಲದ ಭಾನುವಾರ. ಚರ್ಚಿನ ತಗಡಿನ ಮೇಲೆ ಮಳೆ ಬಾರಿಸುತ್ತಿರುತ್ತದೆ, ಬಾಗಿಲಲ್ಲಿ ಕೊಡೆಗಳ ರಾಶಿ, ಕರೆಂಟ್ ಇಲ್ಲ, ಮೈಕ್ ಸತ್ತಿದೆ. ಅಷ್ಟು ದೂರ ಕೆಸರು ತುಳಿದು ಬಂದವರಿಗೆ ಏನೋ ಹಸಿವಿದೆ ಅಂತಲೇ ಅರ್ಥ, ಅಲ್ವಾ?

ಪ್ರಸಂಗ, ಅಂದರೆ ಚರ್ಚಿನಲ್ಲಿ ಬೈಬಲ್ ಉಪದೇಶ, ಮಾಡುವವರು ಮೊದಲು ವಾರಕ್ಕೆ ಎರಡು ಮೂರು ಮನೆಗೆ ಹೋಗಿ, ಕಾಫಿ ಕುಡಿದು, ಸುಮ್ನೆ ಕೇಳಿಸಿಕೊಳ್ಳಿ. ಅಡಿಕೆಗೆ ಕೊಳೆ ಬಂದು ಸಾಲದ ಕಂತು ಕಟ್ಟಲಾಗದವನ ಮುಂದೆ ಬೈಬಲಿನ ಗ್ರೀಕ್ ಪದದ ಮೂಲ ಬಿಡಿಸುತ್ತಾ ನಿಂತರೆ ಅವನು ಹಸಿದೇ ಮನೆಗೆ ಹೋಗುತ್ತಾನೆ. ಆಮೇಲೆ ಒಂದೇ ವಿಷಯ ಹಿಡಿಯಿರಿ. ಪೋಪ್ ಫ್ರಾನ್ಸಿಸ್ 2024ರಲ್ಲಿ ಎಂಟು ನಿಮಿಷ ದಾಟಬೇಡಿ ಅಂದಿದ್ದರು. ಕೆಲವರಿಗೆ ಅಷ್ಟು ಹೊತ್ತು ಪೀಠಿಕೆಗೇ ಬೇಕು ಬಿಡಿ. ಯೇಸುವಿನ ಸಂದೇಶ ಸಾರುತ್ತಿದ್ದ ಪೌಲ ನಡುರಾತ್ರಿವರೆಗೆ ಮಾತಾಡಿದಾಗ ಕಿಟಕಿಯಲ್ಲಿ ಕೂತ ಹುಡುಗ ನಿದ್ದೆ ಹತ್ತಿ ಮೂರನೇ ಅಂತಸ್ತಿನಿಂದ ಬಿದ್ದ ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 20ನೇ ಅಧ್ಯಾಯದಲ್ಲಿದೆ.

ಕೇಳುವವರಿಗೂ ಕೆಲಸ ಇದೆ. ಭಾನುವಾರ ಓದುವ ಬೈಬಲ್ ಭಾಗವನ್ನು ಶನಿವಾರ ರಾತ್ರಿಯೇ ಓದಿ, ಅರ್ಥವಾಗದ ಸಾಲಿಗೆ ಪೆನ್ಸಿಲ್ ಗೆರೆ ಹಾಕಿ. ನಾನೂ ಎಷ್ಟೋ ವರ್ಷ ಹಿಂದಿನ ಬೆಂಚಲ್ಲಿ ಕೂತು, ಮನೆಯಲ್ಲಿ ಕಡುಬು ಬೆಂದಿತೋ ಇಲ್ಲವೋ ಅಂತ ಯೋಚಿಸುತ್ತಾ, ಕೊನೆಗೆ "ಇವತ್ತೂ ಏನೂ ಸಿಗಲಿಲ್ಲ" ಅಂತ ಗೊಣಗಿದವನೇ. ಗೆರೆ ಹಾಕಲು ಶುರು ಮಾಡಿದ ಮೇಲೆ ಸಪ್ಪೆ ಪ್ರಸಂಗದಲ್ಲೂ ಒಂದು ತುತ್ತು ಸಿಕ್ಕಿದೆ. ಸಿಗದಿದ್ದರೆ ಫಾದರ್ ಹತ್ತಿರವೋ ಪಾಸ್ಟರ್ ಹತ್ತಿರವೋ ನೇರ ಕೇಳಿ: "ಈ ಸಾಲು ತಿಳಿಯಲಿಲ್ಲ, ಇನ್ನೊಮ್ಮೆ ಹೇಳ್ತೀರಾ?" ಎಲ್ಲರೂ ಕೊಡೆ ಹುಡುಕುವ ಗಡಿಬಿಡಿಯಲ್ಲಿ ಬೇಡ, ಜನ ಹೋದ ಮೇಲೆ.