ಹಳೆ ಕಾರಿನ ಬ್ರೇಕಿಗೆ ಮೂಲ ಬಣ್ಣ: ಬಳಿಯುವ ಮುನ್ನ ನೋಡಿಕೊಳ್ಳಿ

ಹಳೆ ಅಂಬಾಸಿಡರ್, ಪದ್ಮಿನಿಗಳನ್ನು ಹೊಸದು ಮಾಡಲು ಹೊರಟವರು ಬ್ರೇಕಿನ ಭಾಗಗಳಿಗೆಲ್ಲ ಒಂದೇ ಡಬ್ಬಿಯ ಕಪ್ಪು ಬಣ್ಣ ಹೊಡೆದುಬಿಡುತ್ತಾರೆ. ಕಾರ್ಖಾನೆಯಿಂದ ಬಂದಾಗ ಅವು ಹಾಗಿರಲಿಲ್ಲ. ಕೆಲವಕ್ಕೆ ಬಣ್ಣ, ಕೆಲವಕ್ಕೆ ಸತುವಿನ ಲೇಪ, ಕೆಲವು ಬರೀ ಬೀಡುಕಬ್ಬಿಣ. ಯಾವುದಕ್ಕೆ ಯಾವುದಿತ್ತು ಎಂಬುದಕ್ಕೆ ಸಾಕ್ಷಿ ಕಾರಿನಲ್ಲೇ ಇರುತ್ತದೆ.

ಬ್ರೇಕ್ ಡ್ರಮ್ (ಚಕ್ರದ ಜೊತೆ ತಿರುಗುವ ಬೋಗುಣಿಯಂಥ ಭಾಗ) ಬಿಚ್ಚಿದ ಕೂಡಲೇ ಗಾಳಿ ಹೊಡೆಯಬೇಡಿ. ಡ್ರಮ್ಮಿಗೆ ಉಜ್ಜಿ ಕಾರನ್ನು ನಿಲ್ಲಿಸುವ ಹಳೆಯ ಲೈನರ್‌ಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಪುಡಿ ಶ್ವಾಸಕೋಶಕ್ಕೆ ಅಪಾಯ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರು ಚಿಮುಕಿಸಿ, ಬಟ್ಟೆಯಲ್ಲಿ ಒರೆಸಿ. ಆಮೇಲೆ ಲೈನರ್‌ಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರ್ ತೆಗೆದು, ಇವೆಲ್ಲ ಕೂರುವ ಹಿಂಬದಿಯ ತಟ್ಟೆ, ಅಂದರೆ ಬ್ಯಾಕ್ ಪ್ಲೇಟ್ ನೋಡಿ. ಸುತ್ತಲೂ ತುಕ್ಕು ಹಿಡಿದಿದ್ದರೂ ಸಿಲಿಂಡರ್ ಕೂತಿದ್ದಷ್ಟು ಜಾಗದಲ್ಲಿ ಹಳೆಯ ಬಣ್ಣ ಸ್ವಲ್ಪವಾದರೂ ಉಳಿದಿರುತ್ತದೆ. ಬೋಲ್ಟಿನ ವಾಷರ್ ಅಡಿಯಲ್ಲಿ ಸತುವಿನ ಹಳದಿ ಛಾಯೆ ಕಂಡೀತು. ತೊಳೆಯುವ ಮೊದಲೇ ಫೋಟೊ ತೆಗೆದಿಡಿ.

ತುಕ್ಕಿಗೆ ದನದ ಮೇವಿಗೆ ಬೆರೆಸುವ ಕಾಕಂಬಿಯೇ ಸಾಕು: 1 ಲೀಟರಿಗೆ 9 ಲೀಟರ್ ನೀರು. ಗ್ರೀಸ್ ತೆಗೆದ ಬ್ಯಾಕ್ ಪ್ಲೇಟನ್ನು ಪೂರ್ತಿ ಮುಳುಗಿಸಿ 7ರಿಂದ 10 ದಿನ ಬಿಡಿ. ವಾಸನೆ ಬರುತ್ತದೆ, ಕೊಟ್ಟಿಗೆಯ ಹಿಂದೆ ಇಟ್ಟರೆ ಒಳ್ಳೆಯದು. ಅಲ್ಯೂಮಿನಿಯಂ ಮತ್ತು ಸತು ಲೇಪಿತ ಭಾಗಗಳನ್ನು ಇದರಲ್ಲಿ ಹಾಕಲೇಬೇಡಿ, ತಿಂದುಹಾಕುತ್ತದೆ.

ಮಲೆನಾಡಿನಲ್ಲಿ ಕೆಲಸ ಕೆಡುವುದು ಇದರ ನಂತರ. ತೊಳೆದ ಕಬ್ಬಿಣ ಮಳೆಗಾಲದ ಥಂಡಿಗೆ ನೋಡನೋಡುತ್ತಲೇ ಕೆಂಪಾಗುತ್ತದೆ. ಅದರ ಮೇಲೆ ಬಳಿದ ಪ್ರೈಮರ್ ಪದರವಾಗಿ ಏಳುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲೇ ಸರಿ. ತಡೆಯಲಾಗದಿದ್ದರೆ ಬಚ್ಚಲೊಲೆಯ ಪಕ್ಕ ಬೆಚ್ಚಗೆ ಒಣಗಿಸಿ, ಬಿಸಿ ಆರುವುದರೊಳಗೆ ಎಪಾಕ್ಸಿ ಪ್ರೈಮರ್ ಕೊಡಿ. ಥಿನ್ನರ್ ಮಾತ್ರ ಒಲೆಯ ಹತ್ತಿರ ಸುಳಿಯಬಾರದು. ಮೇಲೆ ಅರೆಹೊಳಪಿನ ಕಪ್ಪು, ತೆಳ್ಳಗೆ 2 ಕೋಟ್. ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟನ್ನೇ ಆರಿಸಿ, ಸಾದಾ ಎನಾಮೆಲ್ ಬ್ರೇಕ್ ಆಯಿಲ್ ತಾಗಿದರೆ ಕಿತ್ತುಬರುತ್ತದೆ. ಸ್ಪ್ರೇ ಮಾಡುವವರಿಗೆ ಆವಿ ತಡೆಯುವ ಮಾಸ್ಕ್ ಕಡ್ಡಾಯ.

ಬ್ಯಾಕ್ ಪ್ಲೇಟಿನ ಮೇಲೆ ಬ್ರೇಕ್ ಶೂ (ಲೈನರ್ ಕೂರಿಸಿದ ಕಮಾನು) ಉಜ್ಜುವ ಉಬ್ಬುಗಳಿಗೆ ಬಣ್ಣ ಬೇಡ, ಬ್ರೇಕ್ ಗ್ರೀಸ್ ತೆಳ್ಳಗೆ ಸವರಿ. ಡ್ರಮ್ ಮತ್ತು ವೀಲ್ ಕೂಡುವ ಮುಖವನ್ನೂ ಖಾಲಿ ಬಿಡಿ. ಆಗುಂಬೆ ಘಾಟಿಯ 14 ತಿರುವು ಇಳಿದ ಡ್ರಮ್ ಕೈ ಸುಡುವಷ್ಟು ಕಾಯುತ್ತದೆ; ನಡುವಿನ ಬಣ್ಣ ಮೆತ್ತಗಾಗಿ ನಟ್ ಸಡಿಲಾಗುತ್ತದೆ.

ಬೋಲ್ಟ್, ಅಡ್ಜಸ್ಟರ್‌ಗಳನ್ನು ಪ್ಲೇಟಿಂಗಿಗೆ ಕೊಡುವಾಗ 8 ಮೈಕ್ರಾನ್ ಸತು, ಹಳದಿ ಪ್ಯಾಸಿವೇಶನ್ (ಸತುವಿನ ಮೇಲಿನ ರಕ್ಷಣಾ ಪದರ) ಎಂದು ಬರೆದುಕೊಡಿ. ದಪ್ಪ ಹೆಚ್ಚಿದರೆ ಥ್ರೆಡ್ ಕೂರುವುದಿಲ್ಲ. ಶೂಗಳನ್ನು ಹಿಂದಕ್ಕೆಳೆಯುವ ರಿಟರ್ನ್ ಸ್ಪ್ರಿಂಗ್‌ಗಳನ್ನು ಮಾತ್ರ ಕೊಡಬೇಡಿ. ಆಸಿಡ್ ಮತ್ತು ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು, ಹೊರಗೆ ಚೆಂದ ಕಾಣುವ ಸ್ಪ್ರಿಂಗ್ ಒಂದು ದಿನ ಪಟ್ಟನೆ ಮುರಿಯುತ್ತದೆ. ಆ ಹೈಡ್ರೋಜನ್ ಓಡಿಸಲು 190 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹಲವು ಗಂಟೆ ಕಾಯಿಸಬೇಕು, ಅದೂ ಹಳದಿ ಪದರಕ್ಕೆ ಮೊದಲೇ. ಆಮೇಲೆ ಕಾಯಿಸಿದರೆ ಆ ಪದರವೇ ಕೆಡುತ್ತದೆ. ಇಷ್ಟು ನಿಗಾ ಎಲ್ಲ ಕಡೆ ಸಿಗದು. ತಂತಿಬ್ರಷ್‌ನಿಂದ ಉಜ್ಜಿ ಬಣ್ಣ ಹಚ್ಚಿ. ಗುಳಿಬಿದ್ದ ಸ್ಪ್ರಿಂಗ್ ಬದಲಿಸಿ.

ಸಿಲಿಂಡರ್ ಹೊರಮೈಗೆ ಬೀಡಿನ ಬೂದುಬಣ್ಣ ಸಾಕು. ಒಳಗೆ ಉಗುರಿಗೆ ಸಿಗುವ ಗುಳಿಯಿದ್ದರೆ ತಿಕ್ಕಿ ಉಪಯೋಗವಿಲ್ಲ, ಹೊಸದು ಹಾಕಿ. ಅದರೊಳಗಿನ ರಬ್ಬರ್ ಕಪ್‌ಗಳಿಗೆ ಪೆಟ್ರೋಲ್, ಸೀಮೆಎಣ್ಣೆ ತಾಗಿದರೆ ಉಬ್ಬಿಕೊಳ್ಳುತ್ತವೆ. ಹೊಸ ಬ್ರೇಕ್ ಆಯಿಲಿನಲ್ಲೇ ಅದ್ದಿ ಜೋಡಿಸಿ.

ಎಲ್ಲ ಜೋಡಿಸಿ ಬ್ರೇಕ್ ಪೈಪುಗಳೊಳಗಿನ ಗಾಳಿ ತೆಗೆದ ಮೇಲೆ ಒಬ್ಬರು ಪೆಡಲನ್ನು 1 ನಿಮಿಷ ಬಲವಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಪ್ರತಿ ಜಾಯಿಂಟನ್ನೂ ಒಣ ಕಾಗದದಿಂದ ಒರೆಸಿ ನೋಡಲಿ. ಮರುದಿನ ಬೆಳಿಗ್ಗೆ ಗಾಳಿ ಬಿಡುವ ನಿಪ್ಪಲ್ ಸುತ್ತ ಬಣ್ಣ ಸುಕ್ಕುಗಟ್ಟಿದ್ದರೆ ಅಲ್ಲಿ ಆಯಿಲ್ ಜಿನುಗುತ್ತಿದೆ ಎಂದೇ ತಿಳಿದು ಮತ್ತೆ ಬಿಚ್ಚಿ.