ಮನೆಯ ಹಳೆಯ ಡೆಸ್ಕ್‌ಟಾಪನ್ನು ಕಾಲೇಜಿನ ಓದಿಗೆ ಸಜ್ಜುಗೊಳಿಸುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಅನೇಕ ಮನೆಗಳಲ್ಲಿ ಮಕ್ಕಳ ಓದಿಗೆಂದು ಹತ್ತು ಹನ್ನೆರಡು ವರ್ಷಗಳ ಹಿಂದೆ ಕೊಂಡ ಕಂಪ್ಯೂಟರ್ ಈಗ ಬಟ್ಟೆ ಹೊದ್ದು ಮೂಲೆ ಸೇರಿದೆ. ಪೇಂಟ್‌ನಲ್ಲಿ ಮನೆ, ಮರ ಬಿಡಿಸುತ್ತ ಮೌಸ್ ಹಿಡಿಯಲು ಕಲಿತ ಮಗು ಪದವಿ ತರಗತಿಗೆ ಬಂದಾಗ ಮನೆಯವರು ಸಾಲ ಮಾಡಿಯಾದರೂ ಲ್ಯಾಪ್‌ಟಾಪ್ ಕೊಡಿಸಲು ಮುಂದಾಗುತ್ತಾರೆ. ಹೈಸ್ಕೂಲಿನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಕಲಿತ ಯಂತ್ರದಲ್ಲಿಯೇ ಪದವಿಯ ಪ್ರಾಜೆಕ್ಟ್ ವರದಿಯನ್ನೂ ಮುಗಿಸಿದ ನಾನು, ಸಾಲಕ್ಕೆ ಮೊದಲು ಆ ಹಳೆಯ ಯಂತ್ರವನ್ನು ನೀವೇ ಒಮ್ಮೆ ಬಿಚ್ಚಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಹಳೆಯ ಕಡತಗಳನ್ನು ಉಳಿಸಿಕೊಳ್ಳಿ. ಹಾರ್ಡ್ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡದೆ, ಅದನ್ನು ಹೊರತೆಗೆದು, ಸಾಟಾ ಎಂಬ ಡಿಸ್ಕಿನ ಜೋಡಣೆಯ ಕೊಂಡಿಯಿಂದ ಯುಎಸ್‌ಬಿಗೆ ಜೋಡಿಸುವ ಅಡಾಪ್ಟರಿನ ಮೂಲಕ ಬೇರೊಂದು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಶಾಲೆಯ ದಿನಗಳಲ್ಲಿ ನುಡಿಯಲ್ಲಿ ಬರೆದ ಪ್ರಬಂಧವನ್ನು ಹೊಸ ಯಂತ್ರದಲ್ಲಿ ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರಗಳು ಕಂಡರೆ ಕಡತ ಕೆಟ್ಟಿದೆ ಎಂದು ಭಾವಿಸಬೇಡಿ. ಹಳೆಯ ನುಡಿ ಫಾಂಟುಗಳು ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಇಟ್ಟಿದ್ದರಿಂದ, ಆ ಫಾಂಟ್ ಇಲ್ಲದ ಕಡೆ ಹೀಗೆ ಕಾಣುತ್ತದೆ. ಆಸ್ಕಿ ಎಂಬ ಈ ಹಳೆಯ ಸಂಕೇತಪದ್ಧತಿಯಿಂದ, ಎಲ್ಲ ಯಂತ್ರಗಳಲ್ಲೂ ಒಂದೇ ಬಗೆಯಲ್ಲಿ ಕಾಣುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಅದನ್ನು ಹಾಕಿ, ಬಂದ ಪಠ್ಯದಲ್ಲಿ ಅರ್ಕಾವೊತ್ತು ಇರುವ ಪದಗಳನ್ನು ವಿಶೇಷವಾಗಿ ಪರಿಶೀಲಿಸಿ; ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತಿದ್ದು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕಾದ್ದರಿಂದ ತಪ್ಪುಗಳು ಅಲ್ಲಿಯೇ ಹೆಚ್ಚು. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ನಮ್ಮ ಕಡೆಯ ಕಂಪ್ಯೂಟರುಗಳಿಗೆ ದೊಡ್ಡ ಶತ್ರುಗಳೆಂದರೆ ಧೂಳು ಮತ್ತು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಪ್ರೊಸೆಸರ್ ಮೇಲಿನ ಲೋಹದ ರೆಕ್ಕೆಗಳ ನಡುವೆ ಧೂಳು ಕೂತರೆ ಶಾಖ ಹೊರಹೋಗಲಾರದೆ ಯಂತ್ರ ತಾನಾಗಿಯೇ ನಿಧಾನವಾಗುತ್ತದೆ ಅಥವಾ ಬಂದ್ ಆಗುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಕ್ಷಣ ಒತ್ತಿ ಹಿಡಿದು, ಡಬ್ಬಿಯ ಲೋಹವನ್ನು ಮುಟ್ಟಿದ ಮೇಲೆ ಪಕ್ಕದ ಮುಚ್ಚಳ ಬಿಚ್ಚಿ. ಅಂಗಳಕ್ಕೆ ಒಯ್ದು ಒಣ, ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ. ಗಾಳಿ ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ. ಪ್ರೊಸೆಸರ್ ಮೇಲಿನ, ಶಾಖವನ್ನು ಲೋಹದ ರೆಕ್ಕೆಗಳಿಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಒರೆಸಿ, ಜೋಳದ ಕಾಳಿನಷ್ಟು ಹೊಸದನ್ನು ಹಚ್ಚಿ. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ನಂತರವೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಪರದೆ ಮೂಡದೆ ಬೀಪ್ ಸದ್ದು ಬಂದರೆ, ಯಂತ್ರದ ತಾತ್ಕಾಲಿಕ ಸ್ಮರಣೆಯ ಪಟ್ಟಿಯಾದ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕೊಂಡಿ ಕೂರುವವರೆಗೆ ಒತ್ತಿ ಜೋಡಿಸಿ. ಪ್ರತಿ ಸಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಗುಂಡನೆಯ ಸಿಆರ್ 2032 ಸೆಲ್ ಮುಗಿದಿದೆ ಎಂದರ್ಥ. ದಿನಾಂಕ ತಪ್ಪಾಗಿದ್ದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಹೊಂದಿಕೆಯಾಗದೆ ಅವು ತೆರೆಯುವುದಿಲ್ಲ. ಇಂಟರ್‌ನೆಟ್ ಕೆಟ್ಟಿದೆ ಎಂದು ದೂರುವ ಎಷ್ಟೋ ಮನೆಗಳಲ್ಲಿ ತೊಂದರೆ ಇಷ್ಟೇ ಆಗಿರಬಹುದು.

ಹಣ ಹಾಕುವುದಾದರೆ ಮೊದಲು, ತಿರುಗುವ ಭಾಗಗಳಿಲ್ಲದ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿಗೆ ಹಾಕಿ. ತಿರುಗುವ ಡಿಸ್ಕಿನ ಬದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಬಂದರೆ ಉಂಟಾಗುವ ವ್ಯತ್ಯಾಸ ಬೇರಾವ ಬದಲಾವಣೆಯಿಂದಲೂ ಆಗದು ಎಂಬುದು ನನ್ನ ಅನುಭವ. ನಂತರ ರ‍್ಯಾಮ್. ಅಂಗಡಿಗೆ ಹೋಗುವಾಗ ಹಳೆಯ ರ‍್ಯಾಮನ್ನು ಜೊತೆಗೆ ಒಯ್ಯಿರಿ, ಏಕೆಂದರೆ ಅದರ ಬೇರೆ ಬೇರೆ ತಲೆಮಾರುಗಳಾದ ಡಿಡಿಆರ್3 ಮತ್ತು ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ, ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಾಗುವುದೂ ಅಪರೂಪ. ಆದ್ದರಿಂದ ವಿಂಡೋಸ್ ಬದಲು ಬಳಸಬಹುದಾದ, ಉಚಿತವಾಗಿ ಸಿಗುವ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿಕೊಂಡು, ಮೊದಲು ಇನ್‌ಸ್ಟಾಲ್ ಮಾಡದೆಯೇ ಚಲಾಯಿಸಿ ನೋಡಿ. ವೈಫೈ, ಧ್ವನಿ, ಪ್ರಿಂಟರ್ ಸರಿಯಾಗಿದ್ದರೆ ಮುಂದುವರಿಯಿರಿ. ಅದಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ಒಳ್ಳೆಯದು. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ನುಡಿಯಲ್ಲೂ ಇರುವ ಕನ್ನಡದ ಕಗಪ ಕೀಲಿ ವಿನ್ಯಾಸವನ್ನು ಸೇರಿಸಿದರೆ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸದಾಗಿ ಕಲಿಯಬೇಕಾದದ್ದು ಬಹಳ ಇರುವುದಿಲ್ಲ. ವರದಿ ಬರೆಯಲು ಉಚಿತ ಕಚೇರಿ ತಂತ್ರಾಂಶ ಲಿಬ್ರೆಆಫೀಸ್ ಸಾಕು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಲಿಕೆಗೂ ಈ ಯಂತ್ರ ಧಾರಾಳವಾಗಿ ಸಾಕು.

ರಾಯಚೂರು ಬಳಿಯ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ವಿದ್ಯುತ್ ಉತ್ಪಾದಿಸುತ್ತಿದ್ದರೂ ಸುತ್ತಲಿನ ಊರುಗಳಲ್ಲಿ ಕರೆಂಟ್ ಹೋಗಿ ಬರುವುದು ತಪ್ಪಿಲ್ಲ. ಹೀಗಾಗಿ ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಬದಲಿಸಿ, ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಅವರಿಂದ ನೋಡಿಸಿ. ಡಬ್ಬಿಯನ್ನು ಗೋಡೆಗೆ ಒತ್ತಿಯೂ ಇಡಬೇಡಿ, ಏರ್ ಕೂಲರಿನ ತೇವದ ಗಾಳಿಗೆ ನೇರವಾಗಿಯೂ ಇಡಬೇಡಿ. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಅವರಿಗೆ ಬೇರೆ ಬಳಕೆದಾರ ಖಾತೆ ತೆರೆದುಕೊಡಿ. ಆಗ ಅವರು ಧೈರ್ಯವಾಗಿ ಏನನ್ನಾದರೂ ಒತ್ತಿ ನೋಡಿ ಕಲಿಯಬಹುದು, ನಿಮ್ಮ ಪ್ರಾಜೆಕ್ಟ್ ಕಡತಗಳಿಗೂ ಧಕ್ಕೆಯಾಗುವುದಿಲ್ಲ.