ಕಾಡಿಗೆ ಹೋಗದೆ ಹಕ್ಕಿ ನೋಡುವ ಬೇಸಿಗೆ

ಬೇಸಿಗೆ ಬಂದರೆ ಹಕ್ಕಿ ನೋಡುವವರಲ್ಲಿ ಹೆಚ್ಚಿನವರು ಬೈನಾಕ್ಯುಲರ್ ಅನ್ನು ಕಪಾಟಿಗೆ ಸೇರಿಸಿಬಿಡುತ್ತಾರೆ. ಚಳಿಗಾಲಕ್ಕೆ ಬಂದ ಬಾತುಗಳು, ಬೂದು ಸಿಪಿಲೆಗಳು ತಮ್ಮ ಊರಿಗೆ ಮರಳಿರುತ್ತವೆ, ಕಂಡ ಹಕ್ಕಿಗಳ ಪಟ್ಟಿ ಬೆಳೆಯುವುದಿಲ್ಲ. ಪ್ರೌಢಶಾಲೆಯಲ್ಲಿ ಪಾಠ ಮಾಡುವ ನನಗಾದರೋ ಬಿಡುವು ಸಿಗುವುದೇ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ. ಹಾಗಾಗಿ ನಾನು ಕಲಿತದ್ದೆಲ್ಲ ಬೇಸಿಗೆಯ ಹಕ್ಕಿಗಳಿಂದಲೇ. ಈಗ ಉಳಿದಿರುವವು ಇಲ್ಲಿಯವೇ. ಗೂಡು, ಜಗಳ, ಮರಿ ಎಂದು ಸಂಸಾರದಲ್ಲಿ ಮುಳುಗಿರುತ್ತವೆ. ಎಷ್ಟು ಬಗೆ ಕಂಡೆವು ಎಂದು ಎಣಿಸುವುದನ್ನು ಬಿಟ್ಟು, ಒಂದೊಂದು ಹಕ್ಕಿ ಏನು ಮಾಡುತ್ತಿದೆ ಎಂದು ನೋಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ ಎನ್ನುವುದು ನನ್ನ ಹಟ.

ಇನ್ನೊಂದು ನಿಯಮವೂ ಇದೆ: ಈ ಕಾಲದಲ್ಲಿ ನಾನು ಕಾಡಿಗೆ ಕಾಲಿಡುವುದಿಲ್ಲ. ಮಲೆನಾಡಿನವರಿಗೆ ಕಾರಣ ಹೇಳಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳ ಹಾವಳಿ ಡಿಸೆಂಬರಿನಿಂದ ಮೇ ತನಕ ಹೆಚ್ಚು. ದರಗು (ಒಣ ಎಲೆ) ತರಲು ಸೊಪ್ಪಿನ ಬೆಟ್ಟಕ್ಕೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಡೆಪಾ ತೈಲ ಹಚ್ಚಿಕೊಂಡೇ ಹೋಗುತ್ತಾರೆ. ಅವರಿಗೆ ಅದು ಹೊಟ್ಟೆಪಾಡು. ಒಂದು ಹಕ್ಕಿಗಾಗಿ ನಾನೇಕೆ ಆ ಪೊದೆಗಳಿಗೆ ನುಗ್ಗಬೇಕು? ತೋಟಕ್ಕೂ ಉದ್ದ ತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿಕೊಂಡೇ ಇಳಿಯುತ್ತೇನೆ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ. ಹಾಗೆ ನೋಡಿದರೆ ಕಾಡಿನ ಹಕ್ಕಿಗಳೇ ನೀರು ಹುಡುಕಿಕೊಂಡು ನಮ್ಮ ಕಡೆ ಬರುತ್ತವೆ. ನೀರು ಎಲ್ಲಿದೆ ಎಂದು ತಿಳಿದುಕೊಂಡು, ಅಲ್ಲಿ ಸದ್ದಿಲ್ಲದೆ ಕುಳಿತರಾಯಿತು.

ತವರುಮನೆಯ ಅಡಿಕೆ ತೋಟ ತೀರ್ಥಹಳ್ಳಿಯ ಹತ್ತಿರ. ಬೆಳಿಗ್ಗೆ ಅಣ್ಣ ಸ್ಪ್ರಿಂಕ್ಲರ್ ತಿರುಗಿಸುತ್ತಾನೆ. ನೀರು ಹಾರತೊಡಗಿದ ಕಾಲು ಗಂಟೆಯೊಳಗೆ ಬಾಳೆ ಎಲೆಗಳ ಮೇಲೆ ಹನಿ ನಿಲ್ಲುತ್ತದೆ, ಸೂರಕ್ಕಿಗಳು ಬರುತ್ತವೆ. ಅವು ನೀರಿಗೆ ಇಳಿಯುವುದಿಲ್ಲ. ಒದ್ದೆ ಎಲೆಗೆ ಮೈ ಉಜ್ಜುತ್ತ ಜಾರುವುದೇ ಅವುಗಳ ಸ್ನಾನ. ಪಿಕಳಾರಗಳು ಹೀಗೂ ಮಾಡುತ್ತವೆ, ನೇರವಾಗಿ ತುಂತುರಿನೊಳಗೂ ಕೂರುತ್ತವೆ. ಬಸಿಗಾಲುವೆಯ ತಂಪಿನಲ್ಲಿ, ಕೊಳೆತ ಸೋಗೆಯ ನಡುವೆ ಏಪ್ರಿಲ್ ಮೊದಲ ವಾರಗಳಲ್ಲಿ ನವರಂಗ ಸಿಗುವುದುಂಟು. ಮರಿ ಮಾಡಲು ಉತ್ತರಕ್ಕೆ ಹೊರಡುವ ಮುನ್ನ ಎಲೆ ಕೆದಕಿ ಹುಳ ಹೆಕ್ಕುತ್ತಿರುತ್ತದೆ. ಅದನ್ನು ಹಿಂಬಾಲಿಸಿದರೆ ಸಿಗುವುದಿಲ್ಲ. ಮರಕ್ಕೆ ಒರಗಿ ಕುಳಿತವರ ಮುಂದೆ ತಾನಾಗಿ ಕುಪ್ಪಳಿಸಿಕೊಂಡು ಬರುತ್ತದೆ.

ತೋಟದ ಮೇಲ್ತುದಿಯಲ್ಲಿ ಒಂದು ದೊಡ್ಡ ಗೋಣಿ ಮರವಿದೆ. ಹಣ್ಣು ಬಿಟ್ಟ ವಾರ ಅದೊಂದು ಸಂತೆ: ಕುಟ್ರು ಹಕ್ಕಿ, ಹಸಿರು ಪಾರಿವಾಳ, ಗಿಳಿ, ಮಲಬಾರ್ ಬೂದು ಮಂಗಟ್ಟೆ. ಈ ಮಂಗಟ್ಟೆ ಪಶ್ಚಿಮ ಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಉಳಿದ ಕಾಲದಲ್ಲಿ ಜೋಡಿಯಾಗಿಯೋ ಗುಂಪಾಗಿಯೋ ಕೇಕೆ ಹಾಕುತ್ತ ಹಾರುವ ಇದು ಮಾರ್ಚ್, ಏಪ್ರಿಲ್‌ನಲ್ಲಿ ಒಂಟಿಯಾಗಿ ಕಂಡರೆ ಅದು ಗಂಡೆಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿ ಮುಚ್ಚಿಕೊಂಡು, ಒಂದು ಸೀಳು ಮಾತ್ರ ಬಿಟ್ಟು ಮೊಟ್ಟೆಯ ಮೇಲೆ ಕುಳಿತಿರುತ್ತದೆ. ಗಂಡು ಗಂಟಲಲ್ಲಿ ಹಣ್ಣು ತುಂಬಿಕೊಂಡು ಹೋಗಿ ಒಂದೊಂದಾಗಿ ಆ ಸೀಳಿನಿಂದ ಕೊಡುತ್ತದೆ. ಮರದ ಕೆಳಗೆ ಕುಳಿತು ಅದು ಯಾವ ದಿಕ್ಕಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ಬರೆದುಕೊಳ್ಳುತ್ತೇನೆ. ಗೂಡು ಎಲ್ಲಿರಬಹುದೆಂದು ನನಗೆ ಅಂದಾಜಿದೆ. ನೋಡಲು ಹೋಗಿಲ್ಲ, ಯಾರಿಗೂ ಹೇಳಿಲ್ಲ. ಗೂಡಿನ ಫೋಟೊ ಹಾಕುವವರ ಮೇಲೆ ನನಗೆ ಸಿಟ್ಟಿದೆ. ನಾವು ಹತ್ತಿರ ಹೋದರೆ ಗಂಡು ಹೆದರಿ ದೂರವೇ ಉಳಿಯುತ್ತದೆ, ಒಳಗಿರುವ ಹೆಣ್ಣು ಉಪವಾಸ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ಅಷ್ಟೇ ಕೆಟ್ಟದ್ದು. ಎದುರಾಳಿ ಬಂದನೆಂದು ತಿಳಿದು ಅದು ಮರಿಗೆ ತಿನ್ನಿಸುವುದನ್ನು ಬಿಟ್ಟು ಹೊಡೆದಾಟಕ್ಕೆ ಬರುತ್ತದೆ.

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ನನ್ನ ಬಳಿಯೂ ಇದೆ. ಉಪಯೋಗಕ್ಕೆ ಬರುತ್ತದೆ, ಆದರೆ ಭೀಮರಾಜನಿರುವ ತೋಟದಲ್ಲಿ ಅದನ್ನು ನಂಬುವಂತಿಲ್ಲ. ಉದ್ದ ಬಾಲದ ತುದಿಗೆ ಎರಡು ಗರಿ ತೂಗಿಬಿಟ್ಟ ಈ ಕರಿಯ ಹಕ್ಕಿ ಹದ್ದಿನಿಂದ ಹಿಡಿದು ಹರಟೆಮಲ್ಲನವರೆಗೆ ಎಲ್ಲರ ದನಿಯನ್ನೂ ಕದಿಯುತ್ತದೆ. ಆ್ಯಪ್ ತೋರಿಸಿದ ಹೆಸರನ್ನು ಕಣ್ಣಾರೆ ಕಾಣದೆ ಪಟ್ಟಿಗೆ ಸೇರಿಸುವುದಿಲ್ಲ. ಸಿಳ್ಳಾರನಿಗೆ ಮಾತ್ರ ಆ್ಯಪ್ ಬೇಡ. ಮೇ ತಿಂಗಳಲ್ಲಿ ಇನ್ನೂ ಕತ್ತಲಿರುವಾಗಲೇ ಹಳ್ಳದ ಕಡೆಯಿಂದ ರಾಗ ತಪ್ಪಿದ ಸಿಳ್ಳೆ ಕೇಳಿದರೆ ಅದು ಸಿಳ್ಳಾರನೇ. ಅತ್ತಿಗೆ ಮದುವೆಯಾಗಿ ಬಂದ ಹೊಸತರಲ್ಲಿ, "ಇಷ್ಟು ಬೆಳಿಗ್ಗೆ ಯಾರು ಮಾರಾಯ್ರೇ ಸಿಳ್ಳೆ ಹೊಡೆಯುವವರು?" ಎಂದು ಅಣ್ಣನನ್ನು ಎಬ್ಬಿಸಿದ್ದರಂತೆ.

ಗದ್ದೆಗಳ ಕತೆ ಬೇರೆ. ಶಿವಮೊಗ್ಗದಿಂದ ಕೂಡ್ಲಿಯ ಕಡೆ ಹೋದರೆ ಕಾಲುವೆ ನೀರು ಸಿಗುವ ಕಡೆ ಬೇಸಿಗೆ ಭತ್ತ, ಸಿಗದ ಕಡೆ ಬಿರುಕು ಬಿಟ್ಟ ನೆಲ. ಹಸಿರು ಗದ್ದೆಯಲ್ಲಿ ಗೋವಕ್ಕಿಗಳ ತಲೆ, ಎದೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಕೊಳಬಕದ ಮಾಸಲು ಬೆನ್ನು ಕಂದುಗೆಂಪಾಗಿರುತ್ತದೆ. ಹೊಸದಾಗಿ ನೋಡುವವರು ಇವನ್ನು ಬೇರೆ ಜಾತಿ ಎಂದೇ ತಿಳಿಯುತ್ತಾರೆ. ನನಗೆ ಇಷ್ಟವಾದದ್ದು ಮಾತ್ರ ಒಣ ನೆಲದ ಟಿಟ್ಟಿಭ. ಗೂಡೆಂದರೆ ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು. ಮಣ್ಣಿನದೇ ಬಣ್ಣದ ಮೊಟ್ಟೆಗಳು ಸಾಮಾನ್ಯವಾಗಿ ನಾಲ್ಕು. ಮಧ್ಯಾಹ್ನ ನೆಲ ಕಾದು ಮೊಟ್ಟೆ ಬೇಯುವಂತಾದಾಗ ಅದು ಕಾಲುವೆಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಮೊಟ್ಟೆಗೆ ಕಾವು ಕೊಡುವುದಲ್ಲ, ಕಾವಿನಿಂದ ಕಾಯುವುದು. ಬದುವಿನ ಮೇಲೆ, ಜಾಲಿ ಮರದ ನೆರಳಲ್ಲಿ, ದೂರದಿಂದ ಇದನ್ನು ನೋಡಲು ಎಂಟು ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಸಾಕು. ಹತ್ತಿರ ಹೋದರೆ ಅದು ತಲೆಯ ಮೇಲೆ ಸುತ್ತಿ ಇಡೀ ಬಯಲಿಗೆ ಕೇಳುವಂತೆ ಬೈಯುತ್ತದೆ, ಕಾಗೆಗಳಿಗೆ ಗೂಡಿನ ಸುಳಿವು ಸಿಗುತ್ತದೆ. ಅದೇ ಬದುವಿನಲ್ಲಿ ಹೋಗುತ್ತಿದ್ದ ರೈತರೊಬ್ಬರು, "ಏನು ಕಳೆದುಕೊಂಡಿದ್ದೀರಿ ಅಮ್ಮಾ?" ಎಂದು ಕೇಳಿದರು. ಹೇಳಿದೆ. "ಅಯ್ಯೋ, ಅದು ಅಲ್ಲಿದೆ ಎಂದೇ ನಾವು ಆ ಮೂಲೆಯಲ್ಲಿ ಇನ್ನೂ ಉಳುಮೆ ಮಾಡಿಲ್ಲ" ಎಂದರು.

ಶಿವಮೊಗ್ಗದ ಊರೊಳಗೆ ತುಂಗೆ ಇದ್ದಾಳೆ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನೋಡಲು ಊರೇ ಸೇರುತ್ತದೆ. ಏಪ್ರಿಲ್‌ನಲ್ಲಿ ಬಂಡೆಗಳು ಮೇಲೆದ್ದಾಗ ಬೆಳಿಗ್ಗೆ ಆರಕ್ಕೆ ಅಲ್ಲಿ ನಡಿಗೆಗೆ ಬಂದವರನ್ನು ಬಿಟ್ಟರೆ ನಾನು, ಹಕ್ಕಿಗಳು. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ, ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ನೇರ ಕೆಳಗೆ ಬೀಳುತ್ತದೆ. ವಲಸೆಯ ಸಿಪಿಲೆಗಳು ಹೋದ ಮೇಲೂ ಬಿಳಿಹುಬ್ಬಿನ ದೊಡ್ಡ ಸಿಪಿಲೆ ಇಲ್ಲೇ ಉಳಿದು ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಬಟ್ಟೆ ಒಗೆಯುವ ಸದ್ದಿಗೂ ಅದು ಜಗ್ಗುವುದಿಲ್ಲ.

ನದಿ ರೀವಗಳನ್ನು (ರಿವರ್ ಟರ್ನ್) ತೃಪ್ತಿಯಾಗುವಷ್ಟು ನೋಡಬೇಕೆಂದರೆ ಲಕ್ಕವಳ್ಳಿಗೆ ಹೋಗಬೇಕು. ಭದ್ರಾ ಜಲಾಶಯದ ನೀರು ಇಳಿದಂತೆ ನಡುಗಡ್ಡೆಗಳು ಮೇಲೇಳುತ್ತವೆ. ಆ ಬರಿಯ ನೆಲದ ಮೇಲೆ ರೀವಗಳು ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ಹಳದಿ ಕೊಕ್ಕು, ಕರಿಯ ಟೋಪಿ, ಕವಲೊಡೆದ ಬಾಲ. ಅಲ್ಲಿನ ಜಂಗಲ್ ಲಾಡ್ಜಸ್ ವಸತಿಧಾಮಕ್ಕೂ ಈ ಹಕ್ಕಿಯದೇ ಹೆಸರು. ಸುತ್ತ ನೀರಿದ್ದರೆ ನಾಯಿ, ನರಿ ಬರುವುದಿಲ್ಲ ಎನ್ನುವುದೇ ಅವುಗಳ ಲೆಕ್ಕ. ನೀರು ತೀರ ಇಳಿದರೂ ಅಪಾಯ, ಅಕಾಲದಲ್ಲಿ ಏರಿದರೂ ಅಪಾಯ. ದೋಣಿಯಿಂದ, ದೂರದಿಂದ ನೋಡುವುದು ಒಳ್ಳೆಯದು. ದೋಣಿಯವರಿಗೆ "ಇನ್ನೂ ಹತ್ತಿರ ಹೋಗಿ" ಎಂದು ಪೀಡಿಸುವ ಪ್ರವಾಸಿಗರ ಜೊತೆ ನಾನು ಒಮ್ಮೆ ಜಗಳವನ್ನೇ ಆಡಿದ್ದೇನೆ.

ಮನೆಯಿಂದ ಹೊರಡಲು ಆಗದ ದಿನ ಹಿತ್ತಲು ಇದೆ. ಕುಂಬಾರರ ಅಗಲ ಮಣ್ಣಿನ ತಟ್ಟೆ, ಎರಡು ಬೆರಳು ಆಳದ ನೀರು, ಸಣ್ಣ ಹಕ್ಕಿಗೆ ಕಾಲೂರಲು ನಡುವೆ ಒಂದು ಕಲ್ಲು. ತೋಟದ ಮನೆಯಲ್ಲಾದರೆ ಅಡಿಕೆ ಹಾಳೆಯೇ ತಟ್ಟೆ. ನೆರಳಿರಲಿ, ಆದರೆ ಬೆಕ್ಕು ಅಡಗುವ ಪೊದೆ ಪಕ್ಕದಲ್ಲಿರಬಾರದು. ದಿನವೂ ತಿಕ್ಕಿ ತೊಳೆದು ನೀರು ಬದಲಿಸದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ. ಹನ್ನೊಂದರ ಹೊತ್ತಿಗೆ ಹರಟೆಮಲ್ಲಗಳು ಗಲಾಟೆ ಮಾಡುತ್ತ ಬರುತ್ತವೆ, ಅವು ಹೋದ ಮೇಲೆ ಮಡಿವಾಳ, ಕೊನೆಗೆ ಪಿಕಳಾರ. ಗಸಗಸೆ ಹಣ್ಣಿನ ಮರಕ್ಕೆ ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿ ಬರುತ್ತದೆ. ಪಕ್ಕದ ಮಾವಿನ ಮರದಲ್ಲಿ ಬದನಿಕೆ ಹಬ್ಬಿಸಿದ್ದೂ ಇದರ ಬಳಗವೇ. ಹಣ್ಣು ನುಂಗಿ, ಅಂಟಿನ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ.

ನೋಡಿದ್ದನ್ನು ಹಕ್ಕಿ ನೋಡುವವರ ಅಂತರ್ಜಾಲ ದಾಖಲೆಯಾದ ಇ-ಬರ್ಡ್‌ಗೆ ಸೇರಿಸುತ್ತೇನೆ: ಶುರುಮಾಡಿದ ಹೊತ್ತು, ಎಷ್ಟು ನಿಮಿಷ, ಎಷ್ಟು ದೂರ, ಗುರುತಿಸಲಾದ ಎಲ್ಲ ಹಕ್ಕಿಗಳು. ಕಾಗೆ, ಗೊರವಂಕಗಳನ್ನು ಬಿಡುವಂತಿಲ್ಲ. ಏನು ಮಾಡುತ್ತಿದ್ದವು ಎನ್ನುವುದನ್ನು ಮಾತ್ರ ನೋಟ್‌ಪುಸ್ತಕದಲ್ಲೇ ಬರೆಯುತ್ತೇನೆ. ಮೇ ಕೊನೆಯ ಪುಟಗಳಲ್ಲಿ ಹೆಚ್ಚಾಗಿ ಕಾಗೆ ಇರುತ್ತದೆ, ತನಗಿಂತ ಬೇರೆ ದನಿಯಲ್ಲಿ ಅಳುವ ಕೋಗಿಲೆ ಮರಿಗೆ ಬಾಯಿಗಿಡುತ್ತ.

ಬೇಸಿಗೆಯಲ್ಲಿ ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಆಗ ತುಂಗೆಯ ನಡುಗಡ್ಡೆಯಲ್ಲಿ ಮರಗಳಷ್ಟೇ ಇರುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಲು ಬರುವುದು ಮಳೆ ಹಿಡಿದ ಮೇಲೆ. ತೀರ್ಥಹಳ್ಳಿ ಬಸ್ಸಿನಲ್ಲಿ ಬಂದು ಇಳಿದರೆ ವೀಕ್ಷಣಾ ಗೋಪುರ ರಸ್ತೆಯ ಪಕ್ಕದಲ್ಲೇ ಇದೆ. ಜುಲೈನ ಯಾವುದಾದರೂ ಭಾನುವಾರ ಹೋಗಿ, ಕೊಡೆ ಮರೆಯಬೇಡಿ.